ಕ್ರಿಯಾಪದದ ಬಾಲ ಹಿಡಿದು ಕಥೆಯ ತಿರುಳಿಗೆ

ಪರೀಕ್ಷೆ ಹತ್ತಿರ ಬಂತೆಂದರೆ ಪಕ್ಕದ ಮನೆಯ ಹುಡುಗಿ ಇಂಗ್ಲಿಷ್ ಪುಸ್ತಕ ಹಿಡಿದು ನಮ್ಮ ಜಗಲಿಗೆ ಬರುತ್ತಾಳೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಡಿಗ್ರಿ ಮೊದಲ ವರ್ಷ. ಈ ಸಲ ಎರಡು ನೋಟ್‌ಬುಕ್ ತಂದಿದ್ದಳು. ಒಂದರ ಮೇಲೆ ‘ಗ್ರಾಮರ್’, ಇನ್ನೊಂದರ ಮೇಲೆ ‘ಸ್ಟೋರಿ’. ಮೊದಲನೆಯದರಲ್ಲಿ ಆ್ಯಕ್ಟಿವ್ ವಾಯ್ಸ್‌ನಿಂದ ಪ್ಯಾಸಿವ್ ವಾಯ್ಸ್‌ಗೆ ತಿರುಗಿಸಿದ ವಾಕ್ಯಗಳು, ಪುಟಗಟ್ಟಲೆ. ಎರಡನೆಯದರಲ್ಲಿ ಗೈಡ್‌ನಿಂದ ಇಳಿಸಿಕೊಂಡ ಒಂದು ಸಾಲು: ‘ಈ ಕಥೆಯ ಥೀಮ್ ಸ್ವಾತಂತ್ರ್ಯ.’

“ಅಂಕಲ್, ಥೀಮ್ ಅಂದ್ರೆ ಇಷ್ಟೇನಾ?” ಎಂದು ಕೇಳಿದಳು.

ಅವಳೊಬ್ಬಳಿಗೆ ಬಂದ ಗೊಂದಲ ಅಲ್ಲ ಇದು. ಮಕ್ಕಳಿಗೆ ಹೇಳಿಕೊಡಲು ಕೂತ ಅಪ್ಪ ಅಮ್ಮಂದಿರಿಗೂ ಇದೇ ತೊಡಕು. ಗ್ರಾಮರ್ ಅಂದರೆ ನಿಯಮ, ಬಾಯಿಪಾಠ. ಥೀಮ್ ಅಂದರೆ ಏನೋ ಗಾಳಿಯಲ್ಲಿ ತೇಲುವ ದೊಡ್ಡ ಮಾತು. ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಮೊದಲನೆಯ ನೋಟ್‌ಬುಕ್ ಇಲ್ಲದೆ ಎರಡನೆಯದು ತೆರೆಯುವುದೇ ಇಲ್ಲ. ಅವಳ ಪಾಠದಲ್ಲಿದ್ದ ಕಥೆಯನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಕಥೆ

ಕಥೆಯ ಹೆಸರು ‘ದ ಸ್ಟೋರಿ ಆಫ್ ಆ್ಯನ್ ಅವರ್’, ಅಂದರೆ ಒಂದು ಗಂಟೆಯ ಕಥೆ. ಬರೆದವರು ಅಮೆರಿಕದ ಕೇಟ್ ಶೋಪ್ಯಾನ್. 1894ರ ಡಿಸೆಂಬರ್‌ನಲ್ಲಿ ‘ವೋಗ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅದರ ಹೆಸರಿನಲ್ಲಿ ‘ಸ್ಟೋರಿ’ ಇರಲಿಲ್ಲ, ‘ಡ್ರೀಮ್’ ಇತ್ತು. ಒಂದು ಗಂಟೆಯ ಕನಸು. ಇಡೀ ಕಥೆ ಸಾವಿರ ಪದದ ಆಸುಪಾಸು, ಅಷ್ಟೇ.

ಮಿಸೆಸ್ ಮ್ಯಾಲರ್ಡ್‌ಗೆ ಹೃದಯದ ತೊಂದರೆ. ರೈಲು ಅಪಘಾತದಲ್ಲಿ ಅವಳ ಗಂಡ ಬ್ರೆಂಟ್ಲಿ ಸತ್ತನೆಂದು ಸುದ್ದಿ ಬರುತ್ತದೆ. ಗಂಡನ ಸ್ನೇಹಿತ ರಿಚರ್ಡ್ಸ್ ಇನ್ನೊಂದು ಟೆಲಿಗ್ರಾಂ ತರಿಸಿ ಖಚಿತ ಮಾಡಿಕೊಳ್ಳುತ್ತಾನೆ. ಮಿಸೆಸ್ ಮ್ಯಾಲರ್ಡ್‌ಗೆ ಅವಳ ಸಹೋದರಿ ಜೋಸೆಫೀನ್ ಸುದ್ದಿಯನ್ನು ಅರ್ಧಂಬರ್ಧ ಮಾತಿನಲ್ಲಿ ತಿಳಿಸುತ್ತಾಳೆ. (ಜೋಸೆಫೀನ್ ಅಕ್ಕನೋ ತಂಗಿಯೋ? ಇಂಗ್ಲಿಷ್ ‘ಸಿಸ್ಟರ್’ ಅಂದು ಸುಮ್ಮನಾಗುತ್ತದೆ. ಕನ್ನಡದಲ್ಲಿ ಹೇಳಹೊರಟವರು ಅಲ್ಲೇ ಸಿಕ್ಕಿಬೀಳುತ್ತಾರೆ.) ಸುದ್ದಿ ಕೇಳಿ ಮಿಸೆಸ್ ಮ್ಯಾಲರ್ಡ್ ಜೋರಾಗಿ ಅಳುತ್ತಾಳೆ. ಆಮೇಲೆ ಒಬ್ಬಳೇ ಕೋಣೆಗೆ ಹೋಗಿ ತೆರೆದ ಕಿಟಕಿಯ ಮುಂದೆ ಕೂರುತ್ತಾಳೆ. ಹೊರಗೆ ವಸಂತಕಾಲ. ಮಳೆಯ ವಾಸನೆ, ಬೀದಿ ವ್ಯಾಪಾರಿಯ ಕೂಗು, ಗುಬ್ಬಚ್ಚಿಗಳ ಸದ್ದು. ಕೂತಲ್ಲೇ ಅವಳಿಗೆ ಏನೋ ಆಗುತ್ತದೆ. ‘ಫ್ರೀ, ಫ್ರೀ, ಫ್ರೀ’ ಎಂದು ಪಿಸುಗುಡುತ್ತಾಳೆ. ಮೆಟ್ಟಿಲಿಳಿದು ಬರುವ ಹೊತ್ತಿಗೆ ಗಂಡ ಬಾಗಿಲು ತೆಗೆದು ಒಳಗೆ ಬರುತ್ತಾನೆ. ಅವನು ಅಪಘಾತದ ಜಾಗದಿಂದ ಎಷ್ಟೋ ದೂರ ಇದ್ದ. ಅಂಥದ್ದೊಂದು ಆಗಿದೆ ಎಂದೂ ಅವನಿಗೆ ಗೊತ್ತಿಲ್ಲ. ಅವಳು ಸಾಯುತ್ತಾಳೆ. ಡಾಕ್ಟರುಗಳು ಬಂದು, ಹೃದಯದ ಕಾಯಿಲೆ, ಕೊಲ್ಲುವಂಥ ಸಂತೋಷ ಅನ್ನುತ್ತಾರೆ. ಕಥೆ ಮುಗಿಯಿತು.

ವಿಷಯ, ನೀತಿ, ತಿರುಳು

‘ಥೀಮ್’ ಎಂಬ ಪದವನ್ನು ಕನ್ನಡದಲ್ಲಿ ಕೆಲವರು ಆಶಯ ಅನ್ನುತ್ತಾರೆ, ಕೆಲವರು ಕಥಾವಸ್ತು ಅನ್ನುತ್ತಾರೆ. ನಾನು ತಿರುಳು ಅನ್ನುತ್ತೇನೆ. ಹಣ್ಣಿನ ತಿರುಳು ಇದ್ದ ಹಾಗೆ. ಸಿಪ್ಪೆ ನೋಡಿ ಹಣ್ಣು ಯಾವುದೆಂದು ಹೇಳಬಹುದು, ರುಚಿ ಹೇಳಲಾಗುವುದಿಲ್ಲ.

ಇದನ್ನು ಇನ್ನೆರಡರ ಜೊತೆ ಬೆರೆಸುವುದೇ ದೊಡ್ಡ ಗೊಂದಲ. ನಮಗೆಲ್ಲ ಗೊತ್ತಿರುವ ಪುಣ್ಯಕೋಟಿಯನ್ನು ತೆಗೆದುಕೊಳ್ಳಿ. ಹಸು ಮತ್ತು ಹುಲಿ, ಕೊಟ್ಟ ಮಾತು: ಇದು ವಿಷಯ. ‘ಕೊಟ್ಟ ಮಾತಿಗೆ ತಪ್ಪಬಾರದು’: ಇದು ನೀತಿ. ನೀತಿ ನಮಗೆ ಆಜ್ಞೆ ಮಾಡುತ್ತದೆ, ಹೀಗೆ ಮಾಡು ಅನ್ನುತ್ತದೆ. ಆದರೆ ಆ ಹಾಡಿನಲ್ಲಿ ಕೊನೆಗೆ ಪ್ರಾಣ ಬಿಡುವುದು ಹಸುವಲ್ಲ, ಹುಲಿ. ನೀತಿಯ ಸಾಲಿನಲ್ಲಿ ಹುಲಿಗೆ ಜಾಗವೇ ಇಲ್ಲ, ನೋಡಿ. ಮಾತು ಉಳಿಸಿಕೊಂಡವರ ಎದುರು ನಿಂತಾಗ, ತಿನ್ನಲು ಕಾದವನಿಗೇ ತನ್ನನ್ನು ತಾನು ಸಹಿಸಲಾಗುವುದಿಲ್ಲ. ಹೀಗೆ ಹುಲಿಯನ್ನೂ ಸೇರಿಸಿಕೊಂಡು ಹೇಳಿದರೆ ತಿರುಳಿನ ಹತ್ತಿರ ಬಂದ ಹಾಗೆ.

ಅಂದರೆ ಥೀಮ್ ಒಂದು ಪದದಲ್ಲಿ ಮುಗಿಯುವುದಿಲ್ಲ. ‘ಸ್ವಾತಂತ್ರ್ಯ’ ಎಂಬುದು ಬರೀ ಊರಿನ ಹೆಸರು. ಆ ಊರಿನಲ್ಲಿ ಏನಾಯಿತು ಎಂದು ಹೇಳಲು ಒಂದು ಪೂರ್ತಿ ವಾಕ್ಯ ಬೇಕು. ಆ ವಾಕ್ಯ ಸಿಗುವುದು ಕಥೆಯ ವಾಕ್ಯಗಳ ಒಳಗಿನಿಂದಲೇ. ಇಲ್ಲಿಂದ ಗ್ರಾಮರ್ ಕೆಲಸ ಶುರು.

ಅರ್ಧ ಗ್ರಾಮರ್ ನಮಗೆ ಗೊತ್ತೇ ಇದೆ

ಗ್ರಾಮರ್ ಅಂದರೆ ವಾಕ್ಯದಲ್ಲಿ ಯಾರು, ಯಾರಿಗೆ, ಯಾವಾಗ, ಏನು ಮಾಡಿದರು ಎಂದು ತೋರಿಸುವ ಏರ್ಪಾಡು. ಪ್ರತಿ ಭಾಷೆಯೂ ಇದನ್ನು ತೋರಿಸುತ್ತದೆ. ತೋರಿಸುವ ಜಾಗ ಮಾತ್ರ ಬೇರೆ.

ಕನ್ನಡ ಪದದ ಬಾಲದಲ್ಲಿ ತೋರಿಸುತ್ತದೆ. ‘ನಾಯಿ ಹುಡುಗನನ್ನು ಕಚ್ಚಿತು’ ಅಂದರೂ ‘ಹುಡುಗನನ್ನು ನಾಯಿ ಕಚ್ಚಿತು’ ಅಂದರೂ ಕಚ್ಚಿಸಿಕೊಂಡವನು ಹುಡುಗನೇ. ‘ಅನ್ನು’ ಕಾವಲಿಗಿದೆ. ಇಂಗ್ಲಿಷಿನಲ್ಲಿ ಆ ಕಾವಲು ಇಲ್ಲ, ನಿಂತ ಜಾಗವೇ ಎಲ್ಲ. ಪದಗಳನ್ನು ಅದಲು ಬದಲು ಮಾಡಿದರೆ ಹುಡುಗನೇ ನಾಯಿಯನ್ನು ಕಚ್ಚಿಬಿಡುತ್ತಾನೆ.

ಕಾಲದ ವಿಷಯದಲ್ಲಿ ನಾವು ಸುಮ್ನೆ ಹೆದರುತ್ತೇವೆ. ‘ಓದಿದಳು, ಓದಿದ್ದಳು, ಓದುತ್ತಿದ್ದಳು, ಓದಿದ್ದಾಳೆ’ ಈ ನಾಲ್ಕರ ವ್ಯತ್ಯಾಸ ಚಿಕ್ಕ ಮಕ್ಕಳಿಗೂ ಕಿವಿಯಲ್ಲೇ ಗೊತ್ತು. ಇಂಗ್ಲಿಷಿನಲ್ಲಿ ಇವೇ ಸಿಂಪಲ್ ಪಾಸ್ಟ್, ಪಾಸ್ಟ್ ಪರ್ಫೆಕ್ಟ್, ಪಾಸ್ಟ್ ಕಂಟಿನ್ಯುಯಸ್, ಪ್ರೆಸೆಂಟ್ ಪರ್ಫೆಕ್ಟ್. ಗಡಿಗಳು ಮಾತ್ರ ಅಲ್ಲಲ್ಲಿ ಒಂದಕ್ಕೊಂದು ಕೂರುವುದಿಲ್ಲ. ‘ನಿನ್ನೆ ನೋಡಿದ್ದೇನೆ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಇಂಗ್ಲಿಷಿನ ‘ಹ್ಯಾವ್ ಸೀನ್’ ಪಕ್ಕದಲ್ಲಿ ‘ಯೆಸ್ಟರ್ಡೇ’ ನಿಲ್ಲುವುದಿಲ್ಲ. ನಮ್ಮಲ್ಲಿ ತುಂಬ ಕೇಳಿಬರುವ ಆ ತಪ್ಪು ದಡ್ಡತನವಲ್ಲ, ಕನ್ನಡದ ಅಭ್ಯಾಸ ಇಂಗ್ಲಿಷಿಗೂ ಬಂದಿದೆ ಅಷ್ಟೇ.

ಅಂದಹಾಗೆ, ನಮ್ಮ ದೇಶದ ಶಾಲೆಗಳನ್ನು ಆಳಿದ ‘ರೆನ್ ಅಂಡ್ ಮಾರ್ಟಿನ್’ ಗ್ರಾಮರ್ ಪುಸ್ತಕದ ಪಿ. ಸಿ. ರೆನ್ ಕಾದಂಬರಿಕಾರ ಕೂಡ. 1924ರಲ್ಲಿ ಬಂದ ಅವರ ‘ಬೋ ಜೆಸ್ಟ್’ ಭಾರಿ ಹೆಸರು ಮಾಡಿತ್ತು. ನಿಯಮದ ಪುಸ್ತಕವನ್ನೂ ಕಥೆಯ ಪುಸ್ತಕವನ್ನೂ ಒಂದೇ ಕೈ ಬರೆದಿತ್ತು.

‘ಕ್ರಮ ಕೈಗೊಳ್ಳಲಾಗುವುದು’

ಈಗ ಕಥೆಯ ಮೊದಲ ವಾಕ್ಯಕ್ಕೆ ಬರೋಣ. ಅದನ್ನು ಕನ್ನಡಕ್ಕೆ ಇಳಿಸಿದರೆ ಸುಮಾರಾಗಿ ಹೀಗಿರುತ್ತದೆ: ‘ಮಿಸೆಸ್ ಮ್ಯಾಲರ್ಡ್‌ಗೆ ಹೃದಯದ ತೊಂದರೆ ಇದೆಯೆಂದು ತಿಳಿದಿದ್ದರಿಂದ, ಗಂಡನ ಸಾವಿನ ಸುದ್ದಿಯನ್ನು ಆದಷ್ಟು ಮೆಲ್ಲಗೆ ತಿಳಿಸಲು ಬಹಳ ಎಚ್ಚರ ವಹಿಸಲಾಯಿತು.’ ಇಂಗ್ಲಿಷಿನಲ್ಲಿ ‘ಗ್ರೇಟ್ ಕೇರ್ ವಾಸ್ ಟೇಕನ್’.

ಇದೇ ಪ್ಯಾಸಿವ್ ವಾಯ್ಸ್. ಮಾಡಿದವರನ್ನು ಹಿಂದೆ ಸರಿಸಿ, ಆದ ಕೆಲಸವನ್ನು ಮುಂದೆ ನಿಲ್ಲಿಸುವ ವಾಕ್ಯ. ಕನ್ನಡದಲ್ಲಿ ನಾವು ಹೀಗೆ ಮಾತಾಡುವುದು ಕಡಿಮೆ. ‘ನನ್ನಿಂದ ಊಟ ಮಾಡಲ್ಪಟ್ಟಿತು’ ಎಂದು ಯಾರಾದರೂ ಅಂದರೆ ನಗುತ್ತೇವೆ. ಆದರೆ ಕಚೇರಿಯಿಂದ ಬರುವ ಪತ್ರದಲ್ಲಿ ಇದು ಖಾಯಂ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಯಾರು ಕೈಗೊಳ್ಳುತ್ತಾರೆ? ಅದೊಂದನ್ನು ಕೇಳಬೇಡಿ. ಪ್ಯಾಸಿವ್ ವಾಯ್ಸ್‌ನ ಉಪಯೋಗ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಕಥೆಯಲ್ಲೂ ಅದೇ. ಎಚ್ಚರ ವಹಿಸಿದ್ದು ಯಾರು, ಮೊದಲ ವಾಕ್ಯ ಹೇಳುವುದಿಲ್ಲ. ಅವಳ ಕಾಯಿಲೆ ‘ತಿಳಿದಿದ್ದು’ ಯಾರಿಗೆ, ಅದೂ ಇಲ್ಲ. ಗ್ರಾಮರ್ ಮೇಷ್ಟ್ರು ಆ ‘ನೋಯಿಂಗ್’ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರೆ, ಏಕೆಂದರೆ ಅದಕ್ಕೆ ಸರಿಯಾದ ಕರ್ತೃ ಇಲ್ಲ. ಪುಸ್ತಕದ ಭಾಷೆಯಲ್ಲಿ ‘ಡ್ಯಾಂಗ್ಲಿಂಗ್ ಪಾರ್ಟಿಸಿಪಲ್’, ಅಂದರೆ ಹಿಡಿಯುವವರಿಲ್ಲದೆ ನೇತಾಡುವ ಕ್ರಿಯೆ. ಲೇಖಕಿ ಬೇಕೆಂದೇ ಹೀಗೆ ಬರೆದರೇ ಎಂಬುದನ್ನು ಬಿಡೋಣ. ಓದುವವರಿಗೆ ಆಗುವ ಪರಿಣಾಮ ಸ್ಪಷ್ಟ. ಒಬ್ಬ ಹೆಂಗಸಿನ ಸುತ್ತ ಜನ ಇದ್ದಾರೆ. ಅವಳು ಏನು ಕೇಳಬೇಕು, ಎಷ್ಟು ಮೆಲ್ಲಗೆ ಕೇಳಬೇಕು ಎಂಬುದನ್ನೆಲ್ಲ ಅವರೇ ತೀರ್ಮಾನಿಸಿದ್ದಾರೆ. ಕೆಟ್ಟವರಲ್ಲ, ಕಾಳಜಿಯವರೇ. ಆದರೂ ತೀರ್ಮಾನ ಅವಳದ್ದಲ್ಲ.

ಸ್ವಲ್ಪ ಮುಂದೆ ಹೋಗಿ. ಅತ್ತು ಮುಗಿದ ಮೇಲೆ ‘ಅವಳು ಒಬ್ಬಳೇ ತನ್ನ ಕೋಣೆಗೆ ಹೋದಳು. ಯಾರನ್ನೂ ಹಿಂದೆ ಬರಗೊಡಲಿಲ್ಲ.’ ಇಲ್ಲಿ ಕ್ರಿಯೆಗೆ ಒಡತಿ ಸಿಕ್ಕಳು. ಈಗ ವಾಕ್ಯ ಆ್ಯಕ್ಟಿವ್. ಮೊದಲ ನೋಟ್‌ಬುಕ್ಕಿನಲ್ಲಿ ಸಾಲುಗಟ್ಟಲೆ ತಿರುಗಿಸಿ ತಿರುಗಿಸಿ ಬರೆದದ್ದು ಇದನ್ನೇ. ಕಥೆಯಲ್ಲಿ ಆ ತಿರುಗು ಒಂದು ಬದುಕಿನ ತಿರುಗು.

ನಿನ್ನೆ ನಡುಗಿದ್ದಳು

ಪಾಸ್ಟ್ ಪರ್ಫೆಕ್ಟ್ ಅಂದರೆ ಹಿಂದಿನದಕ್ಕೂ ಹಿಂದಿನದು. ನಮ್ಮ ‘ಇದ್ದಳು’ ಅಂಟಿದ ರೂಪ. ಕಿಟಕಿಯ ಮುಂದೆ ಕೂತವಳು ಗಂಡನ ಬಗ್ಗೆ ಯೋಚಿಸುವ ಸಾಲು ಇಂಗ್ಲಿಷಿನಲ್ಲಿ ‘ಶಿ ಹ್ಯಾಡ್ ಲವ್ಡ್ ಹಿಮ್’. ಕನ್ನಡದಲ್ಲಿ ‘ಅವನನ್ನು ಪ್ರೀತಿಸಿದ್ದಳು’. ಅದರ ಬೆನ್ನಿಗೇ ‘ಕೆಲವು ಸಲ’. ಆಮೇಲೆ ‘ಎಷ್ಟೋ ಸಲ ಇಲ್ಲ’. ‘ಪ್ರೀತಿಸಿದಳು’ ಅಂದಿದ್ದರೆ ಅದು ಕಥೆ ನಡೆಯುತ್ತಿರುವ ಈ ಹೊತ್ತಿನಲ್ಲಿ ಇರುತ್ತಿತ್ತು. ಒಂದು ‘ಹ್ಯಾಡ್’ ಸೇರಿ ಆ ಪ್ರೀತಿಯನ್ನು ಹಳೆಯ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿತು. ಗಂಡ ಸತ್ತ ಸುದ್ದಿ ಬಂದು ಇನ್ನೂ ಗಂಟೆಯಾಗಿಲ್ಲ!

ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇನ್ನೊಂದು. ಎರಡು ವಾಕ್ಯ ಅಕ್ಕಪಕ್ಕ ನಿಂತಿವೆ.

‘ಆಯಸ್ಸು ದೀರ್ಘವಾಗಿರಲಿ ಎಂದು ಬೇಡಿಕೊಂಡಳು. ಆಯಸ್ಸು ದೀರ್ಘವಾಗಿಬಿಟ್ಟರೆ ಎಂದು ನಿನ್ನೆಯಷ್ಟೇ ನಡುಗಿದ್ದಳು.’

ನಾನು ಬೇರೆ ಬೇರೆ ಮಾಡಿ ಬರೆದಿದ್ದೇನೆ, ಬೇರೆ ದಾರಿ ಇರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಕಡೆಯೂ ಇರುವುದು ಅವೇ ನಾಲ್ಕು ಪದ: ‘ಲೈಫ್ ಮೈಟ್ ಬಿ ಲಾಂಗ್’. ‘ಮೈಟ್’ ಎಂಬುದು ಮೋಡಲ್, ಅಂದರೆ ಆಗಬಹುದು, ಆಗಲಿ, ಆದೀತು ಎಂಬ ಬಣ್ಣಗಳನ್ನು ಕೊಡುವ ಸಹಾಯಕ ಕ್ರಿಯಾಪದ. ಒಂದು ಕಡೆ ಅದು ಹಾರೈಕೆ, ಇನ್ನೊಂದು ಕಡೆ ಭಯ. ಪದ ಬದಲಾಗಲಿಲ್ಲ, ಆಯಸ್ಸೂ ಅದೇ. ‘ನಿನ್ನೆ’ ಮತ್ತು ‘ಹ್ಯಾಡ್’ ಸೇರಿ ಅವಳ ಮದುವೆಯ ಅಷ್ಟೂ ವರ್ಷಗಳನ್ನು ಹೇಳಿಬಿಟ್ಟವು. ಜಗಳದ ಒಂದು ದೃಶ್ಯವೂ ಬೇಕಾಗಲಿಲ್ಲ.

ಅವಳಿಗೆ ಏನೋ ಆಗುತ್ತಿದೆ

‘ನನಗೆ ಭಯ ಆಯ್ತು’, ‘ಅವಳಿಗೆ ಬೇಜಾರಾಯ್ತು’. ಕನ್ನಡದಲ್ಲಿ ಇಂಥ ಭಾವನೆಗಳು ನಮಗೆ ಆಗುತ್ತವೆ, ನಮ್ಮ ಬಳಿ ಬರುತ್ತವೆ. ಇಂಗ್ಲಿಷಿನಲ್ಲಿ ಹೆಚ್ಚಾಗಿ ಮನುಷ್ಯರೇ ಕರ್ತೃ. ‘ಐ ವಾಸ್ ಅಫ್ರೇಡ್’ ಅನ್ನುತ್ತಾರೆ.

ಈ ಕಥೆಯಲ್ಲಿ ಮುಖ್ಯವಾದ ಗಳಿಗೆಯಲ್ಲಿ ಇಂಗ್ಲಿಷ್ ವಾಕ್ಯ ನಮ್ಮ ದಾರಿ ಹಿಡಿಯುತ್ತದೆ. ‘ಏನೋ ಒಂದು ಅವಳ ಕಡೆಗೆ ಬರುತ್ತಿತ್ತು, ಅವಳು ಹೆದರುತ್ತ ಕಾಯುತ್ತಿದ್ದಳು.’ ವಾಕ್ಯದ ಯಜಮಾನ ಆ ‘ಏನೋ’. ಬಿಡುಗಡೆಯನ್ನು ಅವಳು ಹುಡುಕಿಕೊಂಡು ಹೋಗಲಿಲ್ಲ, ಅದೇ ಬಂತು. ‘ಸ್ವಾರ್ಥಿ ಹೆಂಡತಿಯ ಕಥೆ’ ಎಂದು ಉತ್ತರ ಬರೆಯಹೊರಟವರನ್ನು ಈ ವಾಕ್ಯ ತಡೆದು ನಿಲ್ಲಿಸುತ್ತದೆ.

ಅದಾದ ಮೇಲೆ ‘ಇನ್ನು ಅವಳು ತನಗಾಗಿ ಬದುಕುವಳು’ ಎಂಬ ಅರ್ಥದ ಸಾಲು ಬರುತ್ತದೆ. ‘ಎಂದುಕೊಂಡಳು’ ಇಲ್ಲ, ಉದ್ಧರಣ ಚಿಹ್ನೆಯೂ ಇಲ್ಲ. ಲೇಖಕಿಯ ದನಿಯೊಳಗೆ ಅವಳ ಮನಸ್ಸೇ ಮಾತಾಡುತ್ತಿದೆ. ಅದಕ್ಕೆ ಸುಳಿವು ‘ವುಡ್’ ಎಂಬ ಪದ. ‘ಅವಳಿಗಾಗಿ’ ಅನ್ನದೆ ‘ತನಗಾಗಿ’ ಅಂದಾಗ ಕನ್ನಡದಲ್ಲೂ ನಮಗೆ ಒಳಗಿನ ದನಿ ಕೇಳುತ್ತದೆ, ಅಲ್ವಾ?

ಕಥೆ ಅವಳನ್ನು ಏನೆಂದು ಕರೆಯುತ್ತದೆ ಎಂಬುದನ್ನೂ ಗಮನಿಸಿ. ಶುರುವಿನಲ್ಲಿ ಮಿಸೆಸ್ ಮ್ಯಾಲರ್ಡ್, ಅಂದರೆ ಗಂಡನ ಹೆಸರು. ಕೋಣೆಯೊಳಗೆ ಬರೀ ‘ಅವಳು’. ಬಾಗಿಲ ಆಚೆಯಿಂದ ಜೋಸೆಫೀನ್ ಕೂಗಿದಾಗ ಮೊದಲ ಸಲ ಗೊತ್ತಾಗುತ್ತದೆ, ಅವಳ ಹೆಸರು ಲೂಯೀಸ್. ಗಂಡ ಒಳಗೆ ಬಂದ ಕೂಡಲೇ ಮತ್ತೆ ‘ಅವನ ಹೆಂಡತಿ’.

‘ಸತ್ತಳು’ ಬೇರೆ, ‘ಸತ್ತಳಂತೆ’ ಬೇರೆ

ಕೊನೆಯ ವಾಕ್ಯ: ‘ಡಾಕ್ಟರುಗಳು ಬಂದಾಗ, ಅವಳು ಹೃದಯದ ಕಾಯಿಲೆಯಿಂದ ಸತ್ತಳೆಂದು ಹೇಳಿದರು. ಕೊಲ್ಲುವಂಥ ಸಂತೋಷದಿಂದ.’

ಇದು ರಿಪೋರ್ಟೆಡ್ ಸ್ಪೀಚ್. ಇನ್ನೊಬ್ಬರು ಹೇಳಿದ್ದನ್ನು ನಾವು ಹೇಳುವ ವಾಕ್ಯ. ಪರೀಕ್ಷೆಗೆ ನಾವು ಕಲಿಯುವುದು ಇಷ್ಟು: ‘ಡೈಡ್’ ಇದ್ದದ್ದು ‘ಹ್ಯಾಡ್ ಡೈಡ್’ ಆಗಬೇಕು, ಉದ್ಧರಣ ಚಿಹ್ನೆ ತೆಗೆಯಬೇಕು. ಅಂಕ ಸಿಗುತ್ತದೆ. ಆದರೆ ಓದುವಾಗ ಕೇಳಬೇಕಾದ ಪ್ರಶ್ನೆ ಬೇರೆ. ಹೇಳಿದವರು ಯಾರು? ಅವರಿಗೆ ಗೊತ್ತಿತ್ತಾ?

ಕನ್ನಡಿಗರಿಗೆ ಇದಕ್ಕೆ ಒಂದು ಪುಟ್ಟ ಸಾಧನ ಇದೆ: ‘ಅಂತೆ’. ‘ಮದುವೆ ಮುರೀತು’ ಅಂದರೆ ನಾನೇ ಜವಾಬ್ದಾರ. ‘ಮದುವೆ ಮುರೀತಂತೆ’ ಅಂದರೆ ನಾನು ಕೇಳಿದ್ದು, ನಿಜ ಏನೋ ನೀವೇ ನೋಡಿಕೊಳ್ಳಿ. ‘ದೆ ಸೆಡ್’ ಇಲ್ಲಿ ಮಾಡುತ್ತಿರುವುದು ಈ ‘ಅಂತೆ’ಯ ಕೆಲಸವನ್ನೇ. ಅವಳು ಸಂತೋಷದಿಂದ ಸತ್ತಳಂತೆ.

ಗಂಡ ಬದುಕಿ ಬಂದ ಸಂತೋಷ ತಡೆಯಲಾಗಲಿಲ್ಲ ಎಂಬುದು ಡಾಕ್ಟರುಗಳ ಲೆಕ್ಕ. ಅವರು ಕೋಣೆಯೊಳಗೆ ಇರಲಿಲ್ಲ. ನಾವಿದ್ದೆವು. ಅಲ್ಲಿ ‘ಜಾಯ್’ ಎಂಬ ಇದೇ ಪದ ಒಮ್ಮೆ ಬಂದಿತ್ತು, ಬಿಡುಗಡೆಯ ಸಂತೋಷಕ್ಕೆ. ಅದು ರಾಕ್ಷಸ ಸಂತೋಷವೋ ಏನೋ ಎಂದು ಕೇಳಿಕೊಳ್ಳಲು ಅವಳು ನಿಲ್ಲಲಿಲ್ಲ ಎಂದಿತ್ತು. ಈಗ ಆ ಸಂತೋಷ ಕಿತ್ತುಹೋಯಿತು. ಹೇಳುವುದು ಒಂದು, ಆದದ್ದು ಇನ್ನೊಂದು, ಎರಡೂ ಓದುಗರಿಗೆ ಒಟ್ಟಿಗೆ ಕಾಣುತ್ತಿವೆ. ಇಂಗ್ಲಿಷ್ ತರಗತಿಯಲ್ಲಿ ‘ಐರನಿ’ ಅನ್ನುವುದು ಇದಕ್ಕೇ. ಲೇಖಕಿ ‘ಅವಳು ಸತ್ತಳು’ ಎಂದು ತನ್ನ ದನಿಯಲ್ಲಿ ಒಮ್ಮೆಯೂ ಹೇಳುವುದಿಲ್ಲ.

ಈಗ ಥೀಮ್ ಬರೆಯುವುದು

ಗೈಡ್‌ನ ‘ಸ್ವಾತಂತ್ರ್ಯ’ವನ್ನು ವಾಕ್ಯ ಮಾಡೋಣ. ಮೊದಲ ಪ್ರಯತ್ನ: ‘ಕೆಟ್ಟ ಗಂಡನಿಂದ ಹೆಂಗಸಿಗೆ ಬಿಡುಗಡೆ ಬೇಕು.’ ಬರೆದ ಮೇಲೆ ಕಥೆಯ ಮುಂದೆ ಹಿಡಿದು ನೋಡಬೇಕು. ಇದಕ್ಕೆ ಒಗ್ಗದ ಸಾಲು ಇದೆಯಾ? ಇದೆ. ಗಂಡನ ಮುಖ ಅವಳನ್ನು ಪ್ರೀತಿಯಿಂದಲ್ಲದೆ ಎಂದೂ ನೋಡಿರಲಿಲ್ಲ ಎಂದು ಕಥೆಯೇ ಹೇಳುತ್ತದೆ. ಹಾಗಾದರೆ ‘ಕೆಟ್ಟ ಗಂಡ’ ಹೊಡೆದುಹಾಕಿ.

ಎರಡನೇ ಪ್ರಯತ್ನ: ‘ಗಂಡಸರು ಹೆಂಗಸರನ್ನು ಆಳುತ್ತಾರೆ.’ ಇದಕ್ಕೂ ಅಡ್ಡ ಬರುವ ಸಾಲಿದೆ. ಇನ್ನೊಬ್ಬರ ಮೇಲೆ ತಮ್ಮ ಇಚ್ಛೆ ಹೇರುವ ಹಕ್ಕು ತಮಗಿದೆ ಎಂದು ನಂಬುವವರು ‘ಗಂಡಸರು ಮತ್ತು ಹೆಂಗಸರು’ ಎಂದೇ ಅಲ್ಲಿದೆ. ಆ ‘ಅಂಡ್’ ಚಿಕ್ಕ ಪದ, ಓದುವ ಭರದಲ್ಲಿ ಹಾರಿಸಿಬಿಡುತ್ತೇವೆ. ಉದ್ದೇಶ ಒಳ್ಳೆಯದಿರಲಿ, ಕ್ರೂರವಿರಲಿ, ಹೇರಿಕೆಯ ಅಪರಾಧ ಅದರಿಂದ ಕಡಿಮೆಯಾಗುವುದಿಲ್ಲ ಎಂದೂ ಅವಳಿಗೆ ಆ ಗಳಿಗೆಯಲ್ಲಿ ಕಾಣುತ್ತದೆ.

ಮೂರನೇ ಪ್ರಯತ್ನ: ‘ಪ್ರೀತಿಯಿಂದ, ಕಾಳಜಿಯಿಂದ ಆದರೂ ಒಬ್ಬರ ಇಚ್ಛೆಯನ್ನು ಇನ್ನೊಬ್ಬರು ಬಗ್ಗಿಸುತ್ತಲೇ ಇದ್ದರೆ ಆ ಬದುಕು ಅವರದ್ದಾಗಿ ಉಳಿಯುವುದಿಲ್ಲ, ಅದು ತನ್ನದೆಂದು ಒಮ್ಮೆ ಅನ್ನಿಸಿದ ಮೇಲೆ ಹಿಂದಕ್ಕೆ ಹೋಗಲೂ ಆಗುವುದಿಲ್ಲ.’ ಇದು ಮೊದಲ ವಾಕ್ಯದ ‘ಎಚ್ಚರ ವಹಿಸಲಾಯಿತು’ ಜೊತೆಗೂ ಕೂರುತ್ತದೆ, ಕೊನೆಯ ‘ಅಂತೆ’ಯ ಜೊತೆಗೂ ಕೂರುತ್ತದೆ. ಇದೊಂದೇ ಸರಿ ಎಂದಲ್ಲ. ನಿಮ್ಮ ವಾಕ್ಯ ಬೇರೆ ಇರಬಹುದು. ಕಥೆಯ ಯಾವ ಸಾಲೂ ಅದನ್ನು ತಳ್ಳಿಹಾಕದಿದ್ದರೆ ಸಾಕು.

ಲೇಖಕಿಯ ಬದುಕು, ಆ ಕಾಲ, ಇವನ್ನು ಬರೆಯಬಹುದಾ? ಬರೆಯಬಹುದು, ಒಗ್ಗರಣೆಯಷ್ಟು. ಶೋಪ್ಯಾನ್ ಐದು ವರ್ಷದವರಿದ್ದಾಗ, 1855ರಲ್ಲಿ, ಅವರ ತಂದೆ ರೈಲು ಸೇತುವೆ ಕುಸಿದು ತೀರಿಕೊಂಡರು. 1882ರಲ್ಲಿ ಗಂಡ ಸತ್ತಾಗ ಅವರಿಗೆ ಆರು ಮಕ್ಕಳು. ಅಮೆರಿಕದ ಸಂವಿಧಾನ ಹೆಂಗಸರ ಮತದ ಹಕ್ಕನ್ನು ಒಪ್ಪಿದ್ದು 1920ರಲ್ಲಿ, ಈ ಕಥೆ ಬಂದು ಇಪ್ಪತ್ತಾರು ವರ್ಷದ ಮೇಲೆ. ಇವು ಕಥೆಗೆ ಹಿನ್ನೆಲೆ ಕೊಡುತ್ತವೆ, ಕಥೆಯ ಸಾಲುಗಳ ಬದಲಿಗೆ ನಿಲ್ಲಲಾರವು.

ಬೇರೆ ಕಥೆಗೂ ಇದು ನಡೆಯುತ್ತದಾ?

ನಡೆಯುತ್ತದೆ. ನೋಡಬೇಕಾದ ಜಾಗ ಮಾತ್ರ ಕಥೆಯಿಂದ ಕಥೆಗೆ ಬದಲು. ಓ. ಹೆನ್ರಿಯ ‘ದ ಗಿಫ್ಟ್ ಆಫ್ ದ ಮ್ಯಾಜೈ’ ಎಂಬ 1905ರ ಕಥೆ ಶುರುವಾಗುವುದು ಹೀಗೆ: ‘ಒಂದು ಡಾಲರ್ ಎಂಬತ್ತೇಳು ಸೆಂಟ್.’ ಫುಲ್ ಸ್ಟಾಪ್. ಕ್ರಿಯಾಪದ ಇಲ್ಲ. ನಮಗೆ ಇದು ವಿಚಿತ್ರ ಅನ್ನಿಸುವುದೇ ಇಲ್ಲ, ಏಕೆಂದರೆ ‘ಇವರು ನಮ್ಮಣ್ಣ’ ಎಂಬ ವಾಕ್ಯಕ್ಕೂ ಕನ್ನಡದಲ್ಲಿ ಕ್ರಿಯಾಪದ ಬೇಡ. ಇಂಗ್ಲಿಷಿನಲ್ಲಿ ಅದು ಅರ್ಧ ವಾಕ್ಯ. ಮಾರನೆಯ ದಿನ ಕ್ರಿಸ್‌ಮಸ್, ಗಂಡನಿಗೆ ಉಡುಗೊರೆ ಕೊಳ್ಳಬೇಕು, ಕೈಯಲ್ಲಿರುವುದು ಇಷ್ಟೇ ದುಡ್ಡು. ಮೂರು ಸಲ ಎಣಿಸಿದರೂ ಬೆಳೆಯದ ದುಡ್ಡು, ಅದರ ಹಾಗೆಯೇ ಬೆಳೆಯದ ವಾಕ್ಯ.

ಇಷ್ಟೆಲ್ಲ ಮಾತಾಗುವ ಹೊತ್ತಿಗೆ ಹುಡುಗಿ ಎರಡೂ ನೋಟ್‌ಬುಕ್ ಮುಚ್ಚಿ ಕಥೆಯ ಪುಟವನ್ನೇ ನೋಡುತ್ತಿದ್ದಳು. ಪೆನ್ಸಿಲ್‌ನಲ್ಲಿ ಎರಡು ಕಡೆ ಗೆರೆ ಎಳೆದಿದ್ದಳು. ‘ತೆರೆದ ಕಿಟಕಿ’ ಒಂದು, ‘ಮುಚ್ಚಿದ ಬಾಗಿಲು’ ಇನ್ನೊಂದು. ಆಮೇಲೆ ಕೊನೆಯ ಪುಟಕ್ಕೆ ಹೋಗಿ ಮತ್ತೊಂದು ಗೆರೆ ಎಳೆದಳು. ‘ಯಾರೋ ಮುಂಬಾಗಿಲನ್ನು ಕೀಲಿಯಿಂದ ತೆರೆಯುತ್ತಿದ್ದರು.’

“ಪಾಸ್ಟ್ ಕಂಟಿನ್ಯುಯಸ್,” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಅಂಕಲ್, ಕೀ ಅವನ ಹತ್ರಾನೇ ಇತ್ತು.”